ಜೆಲ್ಲಿ ಹಲಾಲಾ? ಈ ಪ್ರಶ್ನೆಗೆ ಕೆಮಿಸ್ಟ್ರಿ ಎಲ್ಲಿಯವರೆಗೆ ಉತ್ತರ ಕೊಡಬಲ್ಲದು

ಪ್ರಶ್ನೆ: ನಾನು ದಕ್ಷಿಣ ಕನ್ನಡದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರೋಟೀನ್ ಪಾಠ ನಡೆಯುವಾಗ ಒಬ್ಬಳು ವಿದ್ಯಾರ್ಥಿನಿ ‘ಮೇಡಂ, ಜೆಲ್ಲಿಯಲ್ಲಿರುವ ಜೆಲಾಟಿನ್ ಹಲಾಲಾ?’ ಎಂದು ಕೇಳಿದಳು. ಇನ್ನೊಬ್ಬ ‘ವಿನೆಗರ್ ಕೂಡ ಮೊದಲು ಆಲ್ಕೋಹಾಲ್ ತಾನೇ?’ ಎಂದ. ಮತ್ತೊಬ್ಬ ‘ಅದೆಲ್ಲ ಧರ್ಮದ ವಿಷಯ, ಸಿಲೆಬಸ್‌ನಲ್ಲಿಲ್ಲ’ ಎಂದ. ನಾನು ಮುಸ್ಲಿಂ ಅಲ್ಲ. ತಪ್ಪು ಮಾತಾಡಿ ಯಾರಿಗಾದರೂ ನೋವಾದೀತು ಎಂಬ ಹೆದರಿಕೆ ಇದೆ. ಇದನ್ನು ಕೆಮಿಸ್ಟ್ರಿಯಾಗಿಯೇ ಪಾಠ ಮಾಡಲು ಆಗುತ್ತಾ? ಮಾಡುವುದಾದರೆ ಹೇಗೆ?

ಉತ್ತರ: ಖಂಡಿತ ಆಗುತ್ತದೆ ಮೇಡಂ. ಮಾಡಲೇಬೇಕು ಅಂತ ನನ್ನ ಅಭಿಪ್ರಾಯ. ಮಕ್ಕಳು ತಾವಾಗಿಯೇ ಪ್ರೋಟೀನ್, ಕೊಬ್ಬು, ಆಲ್ಕೋಹಾಲ್, ಕ್ಯಾಟಲಿಸ್ಟ್ ಎಲ್ಲವನ್ನೂ ಒಂದೇ ಪ್ರಶ್ನೆಯೊಳಗೆ ತಂದು ಕೊಟ್ಟಿದ್ದಾರೆ. ಇಂಥ ಅವಕಾಶ ಜಾಸ್ತಿ ಸಿಗಲ್ಲ.

ಆದರೆ ಒಂದು ಗೆರೆಯನ್ನು ಮೊದಲೇ ಹಾಕಿಕೊಳ್ಳಿ. ‘ಇದು ಹಲಾಲ್’, ‘ಇದು ಹರಾಮ್’ ಎಂದು ಹೇಳುವುದು ನಿಮ್ಮ ಕೆಲಸ ಅಲ್ಲ. ಈ ಪದಾರ್ಥ ಏನು, ಯಾವುದರಿಂದ ಬಂತು, ಬರುವ ದಾರಿಯಲ್ಲಿ ಏನು ಮುರಿಯಿತು, ಏನು ಉಳಿಯಿತು ಎಂದು ಹೇಳುವುದು ನಿಮ್ಮ ಕೆಲಸ. ತಿನ್ನಬಹುದೋ ಬಾರದೋ ಎಂಬುದನ್ನು ಆ ಮಗು, ಮನೆಯವರು, ಅವರು ನಂಬುವ ಉಸ್ತಾದರು (ಧರ್ಮ ಗುರುಗಳು) ತೀರ್ಮಾನಿಸುತ್ತಾರೆ.

‘ಏನು ಬದಲಾಯಿತು’ ಎಂಬ ಪ್ರಶ್ನೆ ನಾವು ಹೊರಗಿನಿಂದ ಹೇರುತ್ತಿರುವುದೇನೂ ಅಲ್ಲ. ಇಸ್ಲಾಮಿನ ಧರ್ಮಶಾಸ್ತ್ರದಲ್ಲೇ ಅದು ಹಳೆಯ ಚರ್ಚೆ. ನಿಷಿದ್ಧ ವಸ್ತುವೊಂದು ಪೂರ್ತಿ ಬೇರೆ ವಸ್ತುವಾಗಿ ಮಾರ್ಪಟ್ಟರೆ ಹಳೆಯ ನಿಷೇಧ ಉಳಿಯುತ್ತದೆಯೇ? ಇದನ್ನು ಇಸ್ತಿಹಾಲಾ ಎನ್ನುತ್ತಾರೆ. ಉಪ್ಪಿನ ಗಣಿಯಲ್ಲಿ ಬಿದ್ದು ಸತ್ತ ಕತ್ತೆ ಕಾಲಕ್ರಮದಲ್ಲಿ ಉಪ್ಪೇ ಆಗಿಬಿಟ್ಟರೆ ಆ ಉಪ್ಪಿನ ಕಥೆ ಏನು ಎಂಬುದು ಅಲ್ಲಿನ ಹೆಸರಾಂತ ಉದಾಹರಣೆ. ನಿಮ್ಮ ಕ್ಲಾಸಿಗೆ ಇದಕ್ಕಿಂತ ಒಳ್ಳೆ ಬಾಗಿಲು ಬೇಕಾ? ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ ವಿಷಯಕ್ಕೆ ಇಲ್ಲಿ ಜೀವ ಬರುತ್ತದೆ.

ವಿನೆಗರ್‌ನಿಂದ ಶುರು ಮಾಡಿ, ಅದು ಸುಲಭ. ಅಸಿಟೋಬ್ಯಾಕ್ಟರ್ ಬ್ಯಾಕ್ಟೀರಿಯಾ ಗಾಳಿಯ ಆಕ್ಸಿಜನ್ ಬಳಸಿ ಎಥನಾಲನ್ನು ಅಸಿಟಿಕ್ ಆಸಿಡ್ ಮಾಡುತ್ತದೆ, ಜೊತೆಗೆ ನೀರು ಬರುತ್ತದೆ. ಇಲ್ಲಿ ಬಂಧಗಳೇ ಮುರಿದು ಹೊಸದಾಗಿ ಕಟ್ಟಿಕೊಂಡಿವೆ. ಅಮಲು ಬರಿಸುವ ವಸ್ತು ಹೋಗಿ ಹುಳಿ ವಸ್ತು ಬಂತು. ವೈನ್ ತಾನಾಗಿಯೇ ವಿನೆಗರ್ ಆದರೆ ಸೇವಿಸಬಹುದು ಎಂಬುದನ್ನು ಮುಸ್ಲಿಂ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಬೇಕೆಂದೇ ಏನಾದರೂ ಬೆರೆಸಿ ಮಾಡಿದರೆ, ಇಸ್ಲಾಮಿನ ಧರ್ಮಶಾಸ್ತ್ರದ ಎರಡು ಪಂಥಗಳಲ್ಲಿ ಹನಫಿ ಪದ್ಧತಿ ಒಪ್ಪುತ್ತದೆ, ಶಾಫಿ ಪದ್ಧತಿ ಒಪ್ಪುವುದಿಲ್ಲ. ನಿಮ್ಮ ಊರಿಗೆ ಇದು ಮುಖ್ಯ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಗಳು. ದಖನಿ ಉರ್ದು ಮಾತಾಡುವ ಮನೆಗಳು ಹೆಚ್ಚಾಗಿ ಹನಫಿ. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಮುಸ್ಲಿಂ ಮಕ್ಕಳ ಮನೆಯಲ್ಲಿ ಬೇರೆ ಬೇರೆ ಉತ್ತರ ಇರಬಹುದು. ‘ಮುಸ್ಲಿಮರು ಹೀಗೆ ಹೇಳುತ್ತಾರೆ’ ಎಂಬ ಮಾತು ನಿಮ್ಮ ಬಾಯಿಂದ ಬರದಿರಲಿ ಎನ್ನುವುದು ಇದಕ್ಕೇ.

ಲ್ಯಾಬಿನಲ್ಲಿ ವಿನೆಗರ್ ಟೈಟ್ರೇಶನ್ (ಕ್ಷಾರ ಹನಿಸಿ ಆಸಿಡ್ ಎಷ್ಟಿದೆ ಎಂದು ಅಳೆಯುವುದು) ಹೇಗೂ ಮಾಡಿಸಬಹುದು. 10 ಮಿಲಿ ವಿನೆಗರನ್ನು 100 ಮಿಲಿಗೆ ನೀರು ಸೇರಿಸಿ ತೆಳು ಮಾಡಿ, ಅದರಲ್ಲಿ 10 ಮಿಲಿ ತೆಗೆದುಕೊಳ್ಳಿ. ವಿನೆಗರ್‌ನಲ್ಲಿ 4% ಆಸಿಡ್ ಇದ್ದರೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 6.7 ಮಿಲಿ ಬೇಕಾಗುತ್ತದೆ. ಆಮೇಲೆ ಕೇಳಿ: ಈ ಆಸಿಡ್ ದ್ರಾಕ್ಷಿಯಿಂದ ಬಂತೋ, ಶೇಂದಿಯಿಂದ ಬಂತೋ, ಕಾರ್ಖಾನೆಯಲ್ಲಿ ಮೆಥನಾಲ್‌ನಿಂದ ಬಂತೋ? ಬ್ಯುರೆಟ್ ಹೇಳಲ್ಲ. ಅಣು ಒಂದೇ. ಮಕ್ಕಳು ‘ಹಾಗಾದರೆ ಮೂಲ ಹುಡುಕೋದು ಸಾಧ್ಯವೇ ಇಲ್ಲ’ ಎಂದಾಗ ಮುಂದಿನ ಮಾತು ಹೇಳಿ. ಗಿಡಮರದಿಂದ ಬಂದ ಆಸಿಡ್‌ನಲ್ಲಿ ಕಾಲ ಕಳೆದಂತೆ ಕ್ಷಯಿಸುವ ಕಾರ್ಬನ್-14 ಒಂದಿಷ್ಟು ಇರುತ್ತದೆ. ಅದರ ಅರ್ಧಾಯುಷ್ಯ ಸುಮಾರು 5,730 ವರ್ಷ. ಲಕ್ಷಾಂತರ ವರ್ಷ ನೆಲದಡಿ ಇದ್ದ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬಂದ ಆಸಿಡ್‌ನಲ್ಲಿ ಅದು ಉಳಿದಿರುವುದಿಲ್ಲ. ಕಬ್ಬಿಗೂ ದ್ರಾಕ್ಷಿಗೂ ಕಾರ್ಬನ್-13ರ ಪ್ರಮಾಣದಲ್ಲಿ ವ್ಯತ್ಯಾಸ ಇದೆ. ಎರಡೂ ಗಿಡಗಳು ಗಾಳಿಯಿಂದ ಕಾರ್ಬನ್ ಹಿಡಿಯುವ ರೀತಿಯೇ ಬೇರೆ.

ಈಗ ಜೆಲಾಟಿನ್. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ, ಕಡಿಮೆ ಮಾಡಬೇಡಿ.

ಚರ್ಮ, ಎಲುಬಿನಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇದೆ. ಮೂರು ಸರಪಳಿಗಳು ಹುರಿಹಗ್ಗದ ಹಾಗೆ ಹೆಣೆದುಕೊಂಡಿರುತ್ತವೆ. ಒಂದೊಂದು ಸರಪಳಿಯಲ್ಲಿ ಸುಮಾರು ಸಾವಿರ ಅಮೈನೋ ಆಸಿಡ್‌ಗಳು, ಪ್ರತಿ ಮೂರನೆಯದು ಗ್ಲೈಸಿನ್. ಆಸಿಡ್ ಇಲ್ಲವೇ ಸುಣ್ಣದಲ್ಲಿ ನೆನೆಸಿ, ಬಿಸಿನೀರಿನಲ್ಲಿ ಕಾಯಿಸಿದರೆ ಹೆಣಿಗೆ ಬಿಚ್ಚುತ್ತದೆ, ಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ. ಅದೇ ಜೆಲಾಟಿನ್. ಹಂದಿ ಚರ್ಮಕ್ಕೆ ಸಾಮಾನ್ಯವಾಗಿ ಆಸಿಡ್ ಬಳಸುತ್ತಾರೆ, ದನದ ಎಲುಬು ಮತ್ತು ಚರ್ಮವನ್ನು ಹೆಚ್ಚಾಗಿ ವಾರಗಟ್ಟಲೆ ಸುಣ್ಣದಲ್ಲಿ ನೆನೆಸುತ್ತಾರೆ. ಮೊದಲನೆಯದಕ್ಕೆ ಎ ಟೈಪ್, ಎರಡನೆಯದಕ್ಕೆ ಬಿ ಟೈಪ್ ಎಂದು ಹೆಸರು. ಸುಣ್ಣ ಗ್ಲುಟಮೀನ್, ಆಸ್ಪರಾಜೀನ್‌ಗಳ ಅಮೈಡ್ ಗುಂಪನ್ನು ಆಸಿಡ್ ಗುಂಪಾಗಿ ಬದಲಿಸುತ್ತದೆ. ಅದರಿಂದ ಬಿ ಟೈಪ್‌ನ ಐಸೋಎಲೆಕ್ಟ್ರಿಕ್ ಪಾಯಿಂಟ್ (ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್) ಸುಮಾರು 5ಕ್ಕೆ ಇಳಿಯುತ್ತದೆ, ಎ ಟೈಪ್‌ನದು 7ರಿಂದ 9ರವರೆಗೆ ಇರುತ್ತದೆ. ಹಾಗಂತ ಎ ಎಂದರೆ ಹಂದಿ, ಬಿ ಎಂದರೆ ದನ ಎಂದು ಬರೆದುಕೊಳ್ಳಲು ಬಿಡಬೇಡಿ. ದನದ ಚರ್ಮಕ್ಕೂ ಆಸಿಡ್ ಬಳಸಬಹುದು. ಟೈಪ್ ಹೇಳುವುದು ವಿಧಾನವನ್ನು, ಪ್ರಾಣಿಯನ್ನಲ್ಲ.

ವಿನೆಗರ್‌ಗೂ ಜೆಲಾಟಿನ್‌ಗೂ ಇರುವ ಅಂತರವನ್ನು ಮಕ್ಕಳ ಕಣ್ಣಿಗೆ ಕಾಣಿಸಿ. ವಿನೆಗರ್‌ನಲ್ಲಿ ಎಥನಾಲ್ ಹೋಗಿ ಬೇರೆಯೇ ಸಂಯುಕ್ತ ಬಂತು. ಜೆಲಾಟಿನ್‌ನಲ್ಲಿ ಹೆಣಿಗೆ ಬಿಚ್ಚಿತು, ಸರಪಳಿ ತುಂಡಾಯಿತು, ಆದರೆ ತುಂಡುಗಳೊಳಗೆ ಅಮೈನೋ ಆಸಿಡ್‌ಗಳ ಸಾಲು ಹಾಗೆಯೇ ಉಳಿದಿದೆ. ಹಂದಿಯ ಕೊಲಾಜೆನ್‌ನ ಸಾಲಿಗೂ ದನದ್ದಕ್ಕೂ ಅಲ್ಲಲ್ಲಿ ವ್ಯತ್ಯಾಸ ಇದೆ. ಜೆಲಾಟಿನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿ, ತುಂಡುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ, ಹಂದಿಯಲ್ಲಿ ಮಾತ್ರ ಇರುವ ಪೆಪ್ಟೈಡ್‌ಗಳು (ಪ್ರೋಟೀನಿನ ಚಿಕ್ಕ ತುಂಡುಗಳು) ಸಿಕ್ಕಿಬೀಳುತ್ತವೆ. ತುಂಬಾ ಕಾಯಿಸಿದ ಜೆಲಾಟಿನ್‌ನಲ್ಲಿ ಡಿಎನ್‌ಎ ಹಾಳಾಗಿರುವುದರಿಂದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಕೆಲವೊಮ್ಮೆ ಸೋಲುತ್ತದೆ, ಪೆಪ್ಟೈಡ್ ದಾರಿ ಆಗಲೂ ಕೆಲಸ ಮಾಡುತ್ತದೆ. ಜೆಲಾಟಿನ್ ಪೂರ್ತಿ ಬದಲಾದ ವಸ್ತು ಎಂದು ಹೇಳುವ ವಿದ್ವಾಂಸರಿದ್ದಾರೆ. ಬದಲಾಗಿಲ್ಲ ಎನ್ನುವವರೂ ಇದ್ದಾರೆ, ಹಲಾಲ್ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ಹಂದಿ ಜೆಲಾಟಿನನ್ನು ಒಪ್ಪುವುದಿಲ್ಲ. ಈ ವಾದಕ್ಕೆ ಕೆಮಿಸ್ಟ್ರಿ ತೀರ್ಪು ಕೊಡಲ್ಲ, ಆದರೆ ಸಾಕ್ಷಿ ಕೊಡುತ್ತದೆ: ಮೂಲದ ಗುರುತು ಇನ್ನೂ ಓದಲು ಸಿಗುತ್ತದೆ.

ನಿಮ್ಮ ಲ್ಯಾಬಿನಲ್ಲಿ ಹಂದಿಯೋ ದನವೋ ಎಂದು ಕಂಡುಹಿಡಿಯಲು ಆಗಲ್ಲ. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿ. ಜೆಲಾಟಿನ್ನೋ ಅಲ್ಲವೋ ಎಂಬುದನ್ನು ಮಾತ್ರ ಚೆನ್ನಾಗಿ ತೋರಿಸಬಹುದು. ರಂಜಾನ್ ಇಫ್ತಾರಿಗೆ ಮಾಡುವ ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ನಿಮ್ಮ ಊರಿನ ಅಂಗಡಿಗಳಲ್ಲಿ ಸಿಗುತ್ತದೆ. ಅದು ಕಡಲ ಪಾಚಿಯಿಂದ ಬರುವ ಅಗರ್, ಪ್ರೋಟೀನ್ ಅಲ್ಲ, ಸಕ್ಕರೆ ಘಟಕಗಳ ಸರಪಳಿ. ಒಂದು ಟ್ಯೂಬಿನಲ್ಲಿ ಜೆಲಾಟಿನ್ ದ್ರಾವಣ, ಇನ್ನೊಂದರಲ್ಲಿ ಚೈನಾ ಗ್ರಾಸ್ ದ್ರಾವಣ. ಎರಡಕ್ಕೂ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ಆಮೇಲೆ ಕೆಲವು ಹನಿ ಮೈಲುತುತ್ತದ ದ್ರಾವಣ. ಅಡಿಕೆ ತೋಟದ ಮಕ್ಕಳಿಗೆ ಮೈಲುತುತ್ತ ಹೊಸದಲ್ಲ, ಮಳೆಗಾಲದ ಬೋರ್ಡೋ ಮದ್ದಿನಲ್ಲಿ ನೋಡಿರುತ್ತಾರೆ. ಜೆಲಾಟಿನ್ ಇರುವ ಟ್ಯೂಬ್ ನೇರಳೆ ಆಗುತ್ತದೆ, ಇನ್ನೊಂದು ನೀಲಿಯಾಗಿಯೇ ಇರುತ್ತದೆ. ಅದು ಬೈಯುರೆಟ್ ಪರೀಕ್ಷೆ. ಗಟ್ಟಿಯಾದ ಎರಡೂ ಜೆಲ್ಲಿ ತುಂಡುಗಳನ್ನು 50 ಡಿಗ್ರಿ ನೀರಿನಲ್ಲಿ ಇಟ್ಟರೆ ಜೆಲಾಟಿನ್ ಕರಗುತ್ತದೆ. ಅಗರ್ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಜೆಲ್ಲಿ ಮೇಲೆ ಹಸಿ ಅನಾನಸ್ ಇಟ್ಟರೆ ಬ್ರೊಮೆಲೈನ್ ಕಿಣ್ವ ಜೆಲಾಟಿನನ್ನು ನೀರು ಮಾಡುತ್ತದೆ, ಅಗರನ್ನು ಮುಟ್ಟುವುದಿಲ್ಲ. ಅನಾನಸನ್ನು ಬೇಯಿಸಿ ಇಟ್ಟರೆ ಏನೂ ಆಗಲ್ಲ, ಕಿಣ್ವ ಕೆಟ್ಟಿರುತ್ತದೆ. ಕಿಣ್ವದ ಪಾಠವೂ ಅಲ್ಲೇ ಮುಗಿಯಿತು.

ಪ್ರಯೋಗಕ್ಕೆ ಜೆಲಾಟಿನ್ ತರುವಾಗ ಮೂಲ ಬರೆದಿರುವ, ಸಾಧ್ಯವಾದರೆ ಮೀನಿನ ಜೆಲಾಟಿನ್ ತನ್ನಿ. ಮೀನಿನದು ಗಟ್ಟಿಯಾಗಲು ಫ್ರಿಜ್ ಬೇಕಾಗಬಹುದು, ಅದರಲ್ಲಿ ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್ ಕಡಿಮೆ. ಮುಟ್ಟಲು ಮನಸ್ಸಿಲ್ಲದ ಮಗುವನ್ನು ಒತ್ತಾಯ ಮಾಡಬೇಡಿ. ಮುಸ್ಲಿಂ ಮಕ್ಕಳಷ್ಟೇ ಅಲ್ಲ, ಜೈನ, ಬ್ರಾಹ್ಮಣ, ಲಿಂಗಾಯತ ಮನೆಯ ಮಕ್ಕಳಿಗೂ ಹಾಗೆ ಅನಿಸಬಹುದು. ರೀಡಿಂಗ್ ಬರೆದುಕೊಳ್ಳುವ ಕೆಲಸ ಕೊಡಿ, ಅಂಕ ಕಡಿಮೆ ಮಾಡಬೇಡಿ.

ಇನ್ನೊಂದು ಎಚ್ಚರ. ಔಷಧಿ ಕ್ಯಾಪ್ಸೂಲಿನ ಸಿಪ್ಪೆಯೂ ಹೆಚ್ಚಾಗಿ ಜೆಲಾಟಿನ್ನೇ. ಇದು ಕ್ಲಾಸಿನಲ್ಲಿ ಬಂದೇ ಬರುತ್ತದೆ. ಪಾಠ ಕೇಳಿದ ಮಗು ಮನೆಗೆ ಹೋಗಿ ಔಷಧಿ ನಿಲ್ಲಿಸುವಂತಾಗಬಾರದು. ಡಾಕ್ಟರನ್ನು ಕೇಳದೆ ಯಾವುದನ್ನೂ ಬಿಡಬೇಡಿ, ಸಸ್ಯಮೂಲದ ಸೆಲ್ಯುಲೋಸ್ ಕ್ಯಾಪ್ಸೂಲ್‌ಗಳೂ ಇವೆ, ಜೀವಕ್ಕೆ ಅಗತ್ಯ ಬಿದ್ದಾಗ ಧರ್ಮದಲ್ಲೂ ವಿನಾಯಿತಿಯ ಮಾತಿದೆ ಎಂದು ಸ್ಪಷ್ಟವಾಗಿ ಹೇಳಿಬಿಡಿ.

ಕೊಬ್ಬಿನ ವಿಷಯ ಇನ್ನೂ ಸೂಕ್ಷ್ಮ. ಬ್ರೆಡ್, ಐಸ್‌ಕ್ರೀಮ್ ಪ್ಯಾಕೆಟ್ ಹಿಂದೆ ಐಎನ್‌ಎಸ್ 471 ಎಂದು ಬರೆದಿರುತ್ತದೆ (ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ವಸ್ತುಗಳ ಅಂತರರಾಷ್ಟ್ರೀಯ ಸಂಖ್ಯೆ). ಗ್ಲಿಸರಾಲ್‌ಗೆ ಒಂದು ಅಥವಾ ಎರಡು ಫ್ಯಾಟಿ ಆಸಿಡ್ ಅಂಟಿಕೊಂಡ ಎಮಲ್ಸಿಫೈಯರ್, ಅಂದರೆ ಎಣ್ಣೆ-ನೀರನ್ನು ಬೆರೆಸಿ ಹಿಡಿಯುವ ವಸ್ತು, ಅದು. ತಾಳೆ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿ ಕೊಬ್ಬಿನಿಂದಲೂ ಮಾಡಬಹುದು. ಮೂಲದ ಹಂದಿ ಕೊಬ್ಬಿಗೆ ಒಂದು ಗುರುತಿದೆ. ಅದರಲ್ಲಿ ಗ್ಲಿಸರಾಲ್‌ನ ನಡುವಿನ ಕಾರ್ಬನ್ ಮೇಲೆ ಪಾಮಿಟಿಕ್ ಆಸಿಡ್ ಕೂತಿರುವುದೇ ಹೆಚ್ಚು. ಸಸ್ಯದ ಎಣ್ಣೆಗಳಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಓಲಿಕ್, ಲಿನೋಲಿಕ್‌ನಂಥ ಅಪರ್ಯಾಪ್ತ ಆಸಿಡ್‌ಗಳಿರುತ್ತವೆ. ಕೊಬ್ಬು ಎಷ್ಟು ಅಪರ್ಯಾಪ್ತ ಎಂದು ಹೇಳುವ ಅಯೋಡಿನ್ ಸಂಖ್ಯೆ ಮಾತ್ರ ನೋಡಿದರೆ ತಾಳೆ ಎಣ್ಣೆಯೂ ಹಂದಿ ಕೊಬ್ಬೂ ಹತ್ತಿರ ಹತ್ತಿರ ಬಂದು ಮೋಸ ಹೋಗುತ್ತೇವೆ, ಜಾಗ ನೋಡಿದರೆ ಗೊತ್ತಾಗುತ್ತದೆ. ಆದರೆ 471 ಮಾಡುವಾಗ 200 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಫ್ಯಾಟಿ ಆಸಿಡ್‌ಗಳು ಜಾಗ ಬದಲಿಸಿಕೊಳ್ಳುತ್ತವೆ. ಗುರುತು ಅಳಿಸಿಹೋಗುತ್ತದೆ. ಅಲ್ಲಿಂದ ಮುಂದೆ ಲ್ಯಾಬಿಗಿಂತ ಕಾರ್ಖಾನೆಯ ದಾಖಲೆಯೇ ಆಧಾರ.

ನಮ್ಮ ಹಸಿರು ಚುಕ್ಕೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಆ ಗುರುತಿದ್ದರೆ ಜೆಲಾಟಿನ್, ಪ್ರಾಣಿ ಕೊಬ್ಬು ಇರಬಾರದು. ಆದರೆ ಅದು ಆಲ್ಕೋಹಾಲ್ ಬಗ್ಗೆ ಏನೂ ಹೇಳಲ್ಲ. ಮೂಲ ತಿಳಿಯುವ ಹಕ್ಕು ಬರೀ ಮುಸ್ಲಿಮರ ಬೇಡಿಕೆ ಅಲ್ಲ ಎಂಬುದನ್ನೂ ಹೇಳಿ. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, ಆಹಾರದ ಪ್ರತಿ ಘಟಕವೂ ಸಸ್ಯದ್ದೋ ಪ್ರಾಣಿಯದ್ದೋ ಎಂದು ತಿಳಿಸಬೇಕು ಎಂದಿತು. ಕೋರ್ಟಿಗೆ ಹೋದದ್ದು ಒಂದು ಗೋರಕ್ಷಣಾ ಟ್ರಸ್ಟ್. ಅಲ್ಲಿ ಉದಾಹರಣೆಯಾಗಿ ಬಂದದ್ದು 631, ಅಂದರೆ ಡೈಸೋಡಿಯಂ ಇನೋಸಿನೇಟ್. ನೂಡಲ್ಸ್, ಚಿಪ್ಸ್‌ಗೆ ರುಚಿ ಹೆಚ್ಚಿಸುವ ಈ ವಸ್ತುವನ್ನು ಮೀನು, ಮಾಂಸದಿಂದಲೂ ತೆಗೆಯಬಹುದು, ಫರ್ಮೆಂಟೇಶನ್‌ನಿಂದಲೂ ಮಾಡಬಹುದು. ಹಿಂದಿನ ಬೆಂಚಿನ ‘ಸಿಲೆಬಸ್‌ನಲ್ಲಿಲ್ಲ’ ಎಂದ ಹುಡುಗನಿಗೂ ಇದು ತನ್ನ ಪ್ರಶ್ನೆ ಅನಿಸಬೇಕು.

ಇಷ್ಟೆಲ್ಲ ಆದ ಮೇಲೆ ಕ್ಯಾಟಲಿಸ್ಟ್ ಪಾಠಕ್ಕೆ ಇಂಡೋನೇಷ್ಯಾದ ಪ್ರಕರಣ ತನ್ನಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆ ಚರ್ಚೆ ಇಲ್ಲ. ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್, ಅಂದರೆ ಮೋನೋಸೋಡಿಯಂ ಗ್ಲುಟಮೇಟ್, ಬ್ಯಾಕ್ಟೀರಿಯಾ ಬಳಸಿ ಕಾಕಂಬಿಯಂಥ ಸಕ್ಕರೆಯಿಂದ ಮಾಡುವ ಪದಾರ್ಥ. 2001ರ ಜನವರಿಯಲ್ಲಿ ಇಂಡೋನೇಷ್ಯಾದ ಅಂಗಡಿಗಳಿಂದ ಅಜಿನೊಮೊಟೊ ಕಂಪನಿಯ ಸಾವಿರಾರು ಟನ್ ಪುಡಿಯನ್ನು ವಾಪಸ್ ತರಿಸಬೇಕಾಯಿತು. ಪುಡಿಯಲ್ಲಿ ಹಂದಿಯ ಅಂಶ ಇತ್ತೇ? ಇಲ್ಲ. ಬ್ಯಾಕ್ಟೀರಿಯಾಗಳನ್ನು ಕಾಪಿಟ್ಟುಕೊಳ್ಳುವ ಮಾಧ್ಯಮದಲ್ಲಿ ಬ್ಯಾಕ್ಟೋಸೋಯ್‌ಟೋನ್ ಎಂಬ ಸೋಯಾ ಪದಾರ್ಥ ಬಳಸಿದ್ದರು. ಆ ಸೋಯಾ ಪ್ರೋಟೀನನ್ನು ಒಡೆಯಲು ಹಂದಿಯಿಂದ ತೆಗೆದ ಕಿಣ್ವ ಬಳಕೆಯಾಗಿತ್ತು. ದೇಶದ ಉಲೆಮಾ ಮಂಡಳಿ (ಧಾರ್ಮಿಕ ವಿದ್ವಾಂಸರ ಮಂಡಳಿ) ಇದನ್ನು ಹರಾಮ್ ಎಂದಿತು. ಆಗಿನ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್, ಅವರೂ ದೊಡ್ಡ ಧಾರ್ಮಿಕ ವಿದ್ವಾಂಸರೇ, ಕೊನೆಯ ಪುಡಿಯಲ್ಲಿ ಹಂದಿಯ ಅಂಶ ಇಲ್ಲದ್ದರಿಂದ ಅದು ಹಲಾಲ್ ಎಂದರು.

ಇಲ್ಲಿ ಹೆಜ್ಜೆಗಳನ್ನು ಬೋರ್ಡ್ ಮೇಲೆ ಬರೆಸಿ. ಕಿಣ್ವ ಸೋಯಾವನ್ನು ಒಡೆಯಿತು. ಸೋಯಾ ಬ್ಯಾಕ್ಟೀರಿಯಾಗೆ ಊಟವಾಯಿತು. ಬ್ಯಾಕ್ಟೀರಿಯಾ ಬೇರೆ ತೊಟ್ಟಿಯಲ್ಲಿ ಸಕ್ಕರೆ ತಿಂದು ಗ್ಲುಟಮಿಕ್ ಆಸಿಡ್ ಮಾಡಿತು. ಅದನ್ನು ಬೇರ್ಪಡಿಸಿ, ಹರಳು ಮಾಡಿ, ಶುದ್ಧ ಮಾಡಿದರು. ಕ್ಯಾಟಲಿಸ್ಟ್ ಉತ್ಪನ್ನದ ಭಾಗ ಆಗುವುದಿಲ್ಲ ಎಂದು ನಾವು ಪಾಠ ಮಾಡುತ್ತೇವೆ ಅಲ್ವಾ? ಹಾಗಾದರೆ ಮಂಡಳಿ ತಪ್ಪು ಹೇಳಿತೇ? ಮಕ್ಕಳು ತಕ್ಷಣ ಹೌದು ಎನ್ನುತ್ತಾರೆ. ಸ್ವಲ್ಪ ನಿಲ್ಲಿಸಿ. ಮಂಡಳಿ ಕೇಳಿದ್ದು ‘ಪುಡಿಯಲ್ಲಿ ಏನಿದೆ’ ಎಂದಲ್ಲ, ‘ಮಾಡುವ ದಾರಿಯಲ್ಲಿ ಏನು ಬಳಸಿದಿರಿ’ ಎಂದು. ಎರಡೂ ಸರಿಯಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಯಂತ್ರ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕಾರ್ಖಾನೆಯ ಒಳಗಿನ ಪ್ರಕ್ರಿಯೆ ಗೊತ್ತಿರುವ ಕೆಮಿಸ್ಟ್ ಮಾತ್ರ ಉತ್ತರ ಕೊಡಬಲ್ಲ. ಹಲಾಲ್ ಪರಿಶೀಲನೆಗೆ ಕೆಮಿಸ್ಟ್‌ಗಳು ಬೇಕಾಗುವುದು ಇದಕ್ಕೇ. ಬೌದ್ಧರೇ ಹೆಚ್ಚಿರುವ ಥಾಯ್ಲೆಂಡಿನ ಬ್ಯಾಂಕಾಕಿನಲ್ಲಿ, ಚುಲಾಲೊಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಹಲಾಲ್ ವಿಜ್ಞಾನ ಕೇಂದ್ರ ಇದೆ. ಮಕ್ಕಳಿಗೆ ಇದೊಂದು ಉದ್ಯೋಗದ ದಾರಿ ಎಂದೂ ಹೇಳಬಹುದು.

ಹಾಲನ್ನು ಒಡೆಸಿ ಚೀಸ್ ಮಾಡಲು ಬಳಸುವ ರೆನೆಟ್ ಕೂಡ ಇದೇ ಜಾತಿಯ ಕಥೆ. ಕರುವಿನ ಹೊಟ್ಟೆಯ ಕೈಮೋಸಿನ್ ಕಿಣ್ವದ ಬದಲು ಈಗ ಶಿಲೀಂಧ್ರದ ಕಿಣ್ವ, ಇಲ್ಲವೇ ಸೂಕ್ಷ್ಮಜೀವಿಗಳಲ್ಲಿ ತಯಾರಿಸಿದ ಕೈಮೋಸಿನ್ ಸಿಗುತ್ತದೆ. ಅಮೆರಿಕದಲ್ಲಿ ಅದಕ್ಕೆ 1990ರಲ್ಲೇ ಒಪ್ಪಿಗೆ ಸಿಕ್ಕಿತು.

ಆಲ್ಕೋಹಾಲ್ ಬಗ್ಗೆ ಮಕ್ಕಳಿಗೆ ಇರುವ ಗೊಂದಲ ಬೇಗ ಬಿಡಿಸಬಹುದು. ಹೈಡ್ರಾಕ್ಸಿ ಗುಂಪು ಇರುವುದೆಲ್ಲ ಮದ್ಯ ಅಲ್ಲ. ಗ್ಲಿಸರಾಲ್, ಸಾರ್ಬಿಟಾಲ್, ಕ್ರೀಮಿನಲ್ಲಿರುವ ಸೀಟೈಲ್ ಆಲ್ಕೋಹಾಲ್ ಅಮಲು ಬರಿಸಲ್ಲ. ಇನ್ನೊಂದು ಕಡೆ, ಯಾರೂ ಹೆಂಡ ಎಂದು ಕರೆಯದ ಆಹಾರದಲ್ಲೂ ಎಥನಾಲ್ ಒಂದಿಷ್ಟು ಇರುತ್ತದೆ. ಹಣ್ಣಿನ ರಸದಲ್ಲಿ ಇದೆ, ಬ್ರೆಡ್‌ನಲ್ಲಿ ಇದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯುಕೋನೋಸ್ಟಾಕ್ ಬ್ಯಾಕ್ಟೀರಿಯಾ ಗ್ಲೂಕೋಸ್‌ನಿಂದ ಲ್ಯಾಕ್ಟಿಕ್ ಆಸಿಡ್, ಕಾರ್ಬನ್ ಡೈಆಕ್ಸೈಡ್ ಜೊತೆಗೆ ಎಥನಾಲನ್ನೂ ಮಾಡುತ್ತದೆ. ಹಾಗಂತ ಇಡ್ಲಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ಕೆಲವು ದೇಶಗಳು ಅಳತೆಯ ಮಿತಿ ಇಟ್ಟಿವೆ. ಮಲೇಷ್ಯಾದ ಫತ್ವಾ ಸಮಿತಿ 2011ರಲ್ಲಿ, ಮದ್ಯವಾಗಿ ತಯಾರಿಸದ ಪಾನೀಯದಲ್ಲಿ 1%ಗಿಂತ ಕಡಿಮೆ ಎಥನಾಲ್ ಇದ್ದರೆ ಆಗಬಹುದು ಎಂದಿತು. ಇಂಡೋನೇಷ್ಯಾ 2018ರಲ್ಲಿ 0.5% ಎಂದಿತು. ಎರಡೂ ಮುಸ್ಲಿಮರೇ ಹೆಚ್ಚಿರುವ ದೇಶಗಳು, ಅಂಕಿ ಮಾತ್ರ ಬೇರೆ. ಅಂಕಿ ಇಡುವುದು ಮನುಷ್ಯರ ತೀರ್ಮಾನ, ಅಳೆಯುವುದು ಕೆಮಿಸ್ಟ್ರಿ. ಎಥನಾಲ್ ಗುರುತಿಸಲು ಲ್ಯಾಬಿನಲ್ಲಿ ಮಾಡುವ ಅಯೊಡೋಫಾರ್ಮ್ ಪರೀಕ್ಷೆ ಇಲ್ಲಿ ಸಾಲದು ಎಂದೂ ಹೇಳಿ. ಅದರಲ್ಲಿ ಅಸಿಟೋನ್‌ಗೂ ಹಳದಿ ಬರುತ್ತದೆ, ಎಷ್ಟಿದೆ ಎಂದಂತೂ ಹೇಳುವುದೇ ಇಲ್ಲ.

ಮಾಂಸ ಕೊಯ್ಯುವ ವಿಷಯಕ್ಕೆ ಕ್ಲಾಸು ಬಂದಾಗ ಕಡಿಮೆ ಮಾತಾಡಿ. 2022ರಲ್ಲಿ ಯುಗಾದಿಯ ಹೊಸತೊಡಕಿನ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ಬಗ್ಗೆ ಎದ್ದ ಗಲಾಟೆ ಮಕ್ಕಳಿಗೂ ನೆನಪಿರಬಹುದು. ‘ಹಲಾಲ್ ಮಾಂಸದಲ್ಲಿ ವಿಷವೇ ಇರಲ್ಲ ಎಂದು ವಿಜ್ಞಾನ ಹೇಳಿದೆ’ ಎಂಬ ಫಾರ್ವರ್ಡ್ ಬರುತ್ತದೆ. ಅದರ ಉಲ್ಟಾ ಫಾರ್ವರ್ಡೂ ಬರುತ್ತದೆ. ಎರಡಕ್ಕೂ ಕೆಮಿಸ್ಟ್ರಿ ಸಹಿ ಹಾಕಲ್ಲ. ಗೊತ್ತಿರುವುದು ಇಷ್ಟು. ಯಾವ ವಿಧಾನದಲ್ಲಿ ಕೊಯ್ದರೂ ಹೆಚ್ಚುಕಡಿಮೆ ಅರ್ಧದಷ್ಟು ರಕ್ತ ಹರಿದುಹೋಗುತ್ತದೆ. ಮಾಂಸದ ಕೆಂಪು ಮತ್ತು ಅದರಿಂದ ಸೋರುವ ಕೆಂಪು ನೀರಿಗೆ ಮುಖ್ಯ ಕಾರಣ ಸ್ನಾಯುವಿನ ಪ್ರೋಟೀನ್ ಆದ ಮಯೋಗ್ಲೋಬಿನ್, ಉಳಿದ ರಕ್ತವಲ್ಲ. ಪ್ರಾಣಿ ಸತ್ತ ಮೇಲೆ ಸ್ನಾಯುವಿನ ಗ್ಲೈಕೋಜೆನ್ ಲ್ಯಾಕ್ಟಿಕ್ ಆಸಿಡ್ ಆಗಿ ಪಿಎಚ್ ಸುಮಾರು 7ರಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ, ಮಾಂಸದ ಮೃದುತ್ವ, ಬಾಳಿಕೆ ಎರಡಕ್ಕೂ ಇದು ಮುಖ್ಯ. ದೇವರ ಹೆಸರು ಹೇಳಿ ಕೊಯ್ಯುವುದು ನಂಬಿಕೆಯ ಕ್ರಿಯೆ. ಅದನ್ನು ಪಿಎಚ್ ಮೀಟರ್ ಅಳೆಯುವುದಿಲ್ಲ, ಅಳೆಯುವ ಅಗತ್ಯವೂ ಇಲ್ಲ. ನಂಬಿಕೆಯನ್ನು ವಿಜ್ಞಾನದಿಂದ ಸಾಬೀತು ಮಾಡಲು ಹೊರಟರೂ, ಸುಳ್ಳು ಮಾಡಲು ಹೊರಟರೂ ಮಕ್ಕಳಿಗೆ ಎರಡನ್ನೂ ತಪ್ಪಾಗಿ ಕಲಿಸಿದಂತೆ.

ಕ್ಲಾಸು ನಡೆಸುವ ಬಗ್ಗೆ ಒಂದು ಮಾತು. ಪ್ರಶ್ನೆ ಕೇಳಿದ ಹುಡುಗಿಯನ್ನು ಎದ್ದು ನಿಲ್ಲಿಸಿ ‘ನಿಮ್ಮಲ್ಲಿ ಹೇಗೆ, ಹೇಳಮ್ಮ’ ಎನ್ನಬೇಡಿ. ಅವಳು ವಿದ್ಯಾರ್ಥಿನಿ, ತನ್ನ ಸಮುದಾಯದ ವಕೀಲೆ ಅಲ್ಲ. ಅವಳು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಸುಮ್ನೆ ಇದ್ದರೆ ಅದೂ ಸರಿಯೇ.

ಪ್ರಾಜೆಕ್ಟ್ ಏನಾದರೂ ಕೊಡುವುದಾದರೆ ಹೀಗೆ ಮಾಡಿ. ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಖಾಲಿ ಪ್ಯಾಕೆಟ್ ತರಲಿ. ಘಟಕಗಳ ಪಟ್ಟಿಯಿಂದ ಮೂಲ ಖಚಿತವಿಲ್ಲದ ಒಂದನ್ನು ಆರಿಸಲಿ: 471, 631, 422ರ ಗ್ಲಿಸರಾಲ್, ಕೊಚಿನೀಲ್ ಹುಳದಿಂದ ಬರುವ 120ರ ಕೆಂಪು, ಅರಗಿನ ಹುಳದಿಂದ ಬರುವ 904ರ ಶೆಲ್ಯಾಕ್. ಅದರ ರಚನೆ ಬರೆಯಲಿ, ಯಾವ ಯಾವ ದಾರಿಯಲ್ಲಿ ತಯಾರಿಸಬಹುದು ಎಂದು ಬರೆಯಲಿ, ಕೊನೆಯ ಪದಾರ್ಥದಲ್ಲಿ ಮೂಲದ ಗುರುತು ಉಳಿದೀತೇ ಎಂದು ಕಾರಣ ಕೊಟ್ಟು ಬರೆಯಲಿ. ಆಮೇಲೆ ಪ್ಯಾಕೆಟ್ ಮೇಲಿನ ಗ್ರಾಹಕ ಸೇವೆಯ ವಿಳಾಸಕ್ಕೆ ಒಂದು ಪತ್ರ. ‘ಇದು ಹಲಾಲಾ’ ಎಂದಾಗಲೀ ‘ವೆಜ್ಜಾ’ ಎಂದಾಗಲೀ ಬೇಡ. ‘ಈ ಘಟಕವನ್ನು ಯಾವ ಕಚ್ಚಾವಸ್ತುವಿನಿಂದ, ಯಾವ ಕಿಣ್ವ ಅಥವಾ ದ್ರಾವಕ ಬಳಸಿ ಮಾಡುತ್ತೀರಿ’ ಎಂದು ಕೇಳಲಿ. ಬಂದ ಉತ್ತರಗಳನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಉತ್ತರ ಬಾರದ ಕಡೆ ‘ಉತ್ತರ ಬಂದಿಲ್ಲ’ ಎಂದೇ ಬರೆದು ಹಚ್ಚಿ.